ಗೇಣುದ್ದದ ಹೆರಾಲ್ಡ್

ಚನ್ನಬಸವಯ್ಯ ಕಾರನ್ನು ತೊಡೆಯ ಮೇಲೆ ಇಟ್ಟುಕೊಂಡು ಮೂತಿಯಿಂದ ಹಿಂಭಾಗದವರೆಗೆ ಒಮ್ಮೆ, ಹಿಂಭಾಗದಿಂದ ಮೂತಿಯವರೆಗೆ ಒಮ್ಮೆ ಬೆರಳಾಡಿಸಿದ. ಚಕ್ರ ತಿರುಗಿಸಿದ. ಬಾನೆಟ್ಟಿನ ಪಕ್ಕಕ್ಕೆ ಚಾಚಿದ್ದ ಆರು ಪೈಪುಗಳನ್ನು ಒಂದೊಂದಾಗಿ ಮುಟ್ಟಿದ. ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದ ಪಟ್ಟಾಭಿರಾಮ, ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದೇ ಬರುತ್ತದೆಂದು ಗೊತ್ತಿರುವವನ ಹಾಗೆ ಕಾಲು ಅಲ್ಲಾಡಿಸುತ್ತಾ ಕಾಯುತ್ತಿದ್ದ.

"ಚೆನ್ನಾಗೈತೆ," ಎಂದ ಚನ್ನಬಸವಯ್ಯ. "ಯಾರ್ದು ಗಾಡಿ?"

"ಯಾರ್ದು ಅಂದ್ರೆ? ನಿಮ್ದೇ ಅಣ್ಣ. ನಿಮ್ಮ ಹೆರಾಲ್ಡು. ಮದ್ರಾಸಿಗೆ ತಗೊಂಡು ಹೋಗಿದ್ರಲ್ಲ, ಅದೇ."

ಚನ್ನಬಸವಯ್ಯ ಇನ್ನೊಮ್ಮೆ ಸವರಿದ. ಅವನ ಕಣ್ಣು ಹೋಗಿ ಒಂದು ವರ್ಷವಾಗಿತ್ತು. ಸಕ್ಕರೆ ಕಾಯಿಲೆ ಎರಡನ್ನೂ ನುಂಗಿ ನೀರು ಕುಡಿದಿತ್ತು. ಸವರಿ ಮುಗಿಸಿ ಕಾರನ್ನು ಪಟ್ಟಾಭಿಯ ಕಡೆ ಚಾಚಿದ. "ಅಲ್ಲ ಬುಡು. ನನ್ ಗಾಡಿ ನನ್ ಕೈಗೇ ಗೊತ್ತಾಗ್ಲಿಲ್ಲ ಅಂದ್ಮೇಲೆ ಇನ್ನೇನೈತೆ. ಕಣ್ಣು ಹೋದ್ರೂ ಕೈ ಐತೆ ಅಂತ ಒಳಗೊಳಗೇ ಒಂಚೂರು ಆಸೆ ಇತ್ತು ಕಣೋ. ಅದೂ ಹೋಯ್ತು. ಬರೋ ಭಾನುವಾರ ಪುಟ್ಟರಂಗಯ್ಯ ಬರ್ತವ್ನೆ. ಗ್ಯಾರೇಜಿನ ಶೆಡ್ಡು ಅವನಿಗೇ ಬರ್ಕೊಟ್ಬುಡ್ತೀನಿ."

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಗಂಗಾಂಬಿಕೆ ಪಟ್ಟಾಭಿಯ ಮುಖ ನೋಡಿದಳು. ಏನು ಮಾಡಲು ಹೋಗಿ ಏನು ಮಾಡಿಟ್ಟೆ ಎನ್ನುವಂತಿತ್ತು ಆ ನೋಟ. ಪಟ್ಟಾಭಿ ಕಾರನ್ನು ಟವಲಿನಲ್ಲಿ ಸುತ್ತಿಕೊಂಡು ಎದ್ದು ಬಂದ.

ಪಟ್ಟಾಭಿರಾಮ ಅಂಥಿಂಥ ಆಸಾಮಿಯಲ್ಲ. ದಿನಾ ಬೆಳಗ್ಗೆ ಗುಬ್ಬಿಯಲ್ಲಿ ರೈಲು ಹತ್ತಿ ತುಮಕೂರಿಗೆ ಹೋಗಿ, ಚಿಕ್ಕಪೇಟೆಯ ದಂತವೈದ್ಯರೊಬ್ಬರ ಹಿಂದಿನ ಕೋಣೆಯಲ್ಲಿ ಹಲ್ಲಿನ ಸೆಟ್ಟು ಮಾಡುವವನು. ಹಲ್ಲೆಲ್ಲಾ ಬಿದ್ದ ಮೇಲೂ ಚಕ್ಕುಲಿ ಕಡಿಯುತ್ತಿರುವ ಆ ಸೀಮೆಯ ಯಜಮಾನರಲ್ಲಿ ಅರ್ಧಕ್ಕರ್ಧ ಜನ ತನ್ನ ಕೈಕೆಲಸವನ್ನೇ ಬಾಯಲ್ಲಿಟ್ಟುಕೊಂಡು ಓಡಾಡುತ್ತಿದ್ದಾರೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಜಂಬ ಅನ್ನಬಹುದು, ಸುಳ್ಳು ಅನ್ನುವ ಹಾಗಿರಲಿಲ್ಲ. ಮೇಣದಲ್ಲಿ ಕೆತ್ತಿ, ಪ್ಲಾಸ್ಟರಿನಲ್ಲಿ ಹೂತು, ಬಿಸಿನೀರಿನಲ್ಲಿ ಮೇಣ ಕರಗಿಸಿ, ಆ ಖಾಲಿ ಜಾಗಕ್ಕೆ ಹಿಟ್ಟಿನಂತೆ ಕಲಸಿದ ಅಕ್ರಿಲಿಕ್ ತುಂಬಿ ಬೇಯಿಸಿ, ಕೊನೆಗೆ ತಿರುಗುವ ಬಟ್ಟೆಯ ಚಕ್ರಕ್ಕೆ ಹಿಡಿದು ಕನ್ನಡಿಯಂತೆ ಉಜ್ಜಿ ಕೊಡುತ್ತಿದ್ದ. ಬಾಯಿಗೆ ಹೋಗುವ ವಸ್ತುವಿನಲ್ಲಿ ಸಾಸಿವೆಯ ಕಾಲು ಭಾಗದಷ್ಟು ಗಂಟು ಉಳಿದರೂ ನಾಲಗೆ ಅದನ್ನು ಹುಡುಕಿ ಹುಡುಕಿ ಕಾಡುತ್ತದೆ. ಪಟ್ಟಾಭಿಯ ಸೆಟ್ಟಿನಲ್ಲಿ ನಾಲಗೆಗೆ ಹುಡುಕಲು ಏನೂ ಸಿಗುತ್ತಿರಲಿಲ್ಲ.

ಚನ್ನಬಸವಯ್ಯನ ಗ್ಯಾರೇಜು ಗುಬ್ಬಿಯಲ್ಲಿ ಅವನ ಮನೆಯ ಬಗಲಿಗೇ, ಬಿ.ಎಚ್. ರಸ್ತೆಯ ಮೇಲಿತ್ತು. ಎಪ್ಪತ್ತಾರನೇ ಇಸವಿಯಲ್ಲಿ ಆ ಪುಣ್ಯಾತ್ಮನ ತಲೆಗೆ ಅದೆಲ್ಲಿಂದ ಹೊಕ್ಕಿತೋ, ಮದ್ರಾಸಿನ ಹತ್ತಿರ ಹಳೇ ಏರೋಡ್ರಮಿನಲ್ಲಿ ಕಾರುಗಳ ಕಾಲು ಮೈಲಿ ಓಟ ನಡೆಯುತ್ತದೆಂದು ಕೇಳಿ, ತಾನೂ ಓಡಿಸುತ್ತೇನೆಂದು ಹೊರಟ. ತಿರುವಿಲ್ಲ, ಬಳಸಿಲ್ಲ, ನೆಟ್ಟಗೆ ಕಾಲು ಮೈಲಿ, ಯಾರು ಮೊದಲು ಮುಟ್ಟುತ್ತಾರೋ ಅವರದು. ಗುಜರಿಗೆ ಬಿದ್ದಿದ್ದ ಹೆರಾಲ್ಡ್ ಕಾರು ತಂದ. ಅದರೊಳಗೆ ಹಳೇ ಲಾರಿಯ ಆರು ಸಿಲಿಂಡರಿನ ಎಂಜಿನ್ ತುರುಕಿದ. ಹಿಂದೆ ಜೀಪಿನ ಚಕ್ರ, ಒಳಗೆ ತಲೆ ಕಾಯಲು ಪೈಪಿನ ಪಂಜರ. ಊರವರು ನಕ್ಕಿದ್ದೇ ನಕ್ಕಿದ್ದು. ಮದ್ರಾಸಿನಲ್ಲಿ ಮೊದಲನೇ ಸುತ್ತಿನಲ್ಲಿ ಯಾರೋ ಶ್ರೀಮಂತರ ಮಗನ ವಿದೇಶಿ ಕಾರನ್ನು ಹಿಂದೆ ಹಾಕಿದ. ಎರಡನೆಯದರಲ್ಲಿ ಗೇರ್‌ಬಾಕ್ಸ್ ಕೈಕೊಟ್ಟಿತು. ಜೊತೆಗೆ ಹೋಗಿದ್ದ ಪಟ್ಟಾಭಿ ಆ ಮೊದಲ ಸುತ್ತನ್ನು ಈಗಲೂ ರೈಲಿನಲ್ಲಿ ಸಿಕ್ಕವರಿಗೆಲ್ಲಾ ಹೇಳುತ್ತಿದ್ದ. ಆಮೇಲೆ ಎಂಜಿನ್ನು ಹೆಬ್ಬೂರಿನ ಲಾರಿಯೊಂದಕ್ಕೆ ಹೋಯಿತು, ಬಾಡಿ ಊರ್ಡಿಗೆರೆಯ ಒಂದು ತೋಟದಲ್ಲಿ ಕೋಳಿಗೂಡಾಯಿತು. ಒಂದು ಫೋಟೋ ಕೂಡ ಯಾರೂ ತೆಗೆದಿರಲಿಲ್ಲ.

ಎಂಬತ್ಮೂರರ ಬೇಸಗೆಯಲ್ಲಿ ಗಂಗಾಂಬಿಕೆ ಒಂದು ಸಂಜೆ ಪಟ್ಟಾಭಿಯನ್ನು ದಾರಿಯಲ್ಲೇ ನಿಲ್ಲಿಸಿದ್ದಳು. "ಇವ್ರು ಬೆಳಗ್ಗೆ ಜಗಲಿ ಮೇಲೆ ಕೂತ್ರೆ ಕತ್ಲಾದಾಗ್ಲೇ ಏಳೋದು ಪಟ್ಟಾಭಿ. ಹಳೇ ಗಿರಾಕಿಗಳು ಬಂದ್ರೆ ಮನೇಲಿಲ್ಲ ಅನ್ನು ಅಂತಾರೆ. ಪುಟ್ಟರಂಗಯ್ಯ ಕೊಬ್ಬರಿ ತುಂಬೋಕೆ ಶೆಡ್ಡು ಕೇಳ್ತವ್ನೆ. ಹೊಟ್ಟೆಗೇನೂ ಕಮ್ಮಿಯಿಲ್ಲ, ಅದಕ್ಕಲ್ಲ ನಾನು ಹೇಳ್ತಿರೋದು. ಶೆಡ್ಡು ಹೋದ್ರೆ ಇವ್ರು ಇನ್ನು ಆ ಜಗಲಿಯಿಂದ ಏಳಲ್ಲ."

ಅವತ್ತೇ ಪಟ್ಟಾಭಿಗೆ ಈ ಯೋಚನೆ ಬಂದದ್ದು. ಚನ್ನಬಸವಯ್ಯನ ಕೈಗೆ ಅವನ ಕಾರನ್ನೇ ಕೊಟ್ಟುಬಿಟ್ಟರೆ? ಕೈ ಇನ್ನೂ ಸತ್ತಿಲ್ಲ ಎಂದು ಅವನಿಗೇ ಗೊತ್ತಾದರೆ? ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಭಾನುವಾರಗಳಲ್ಲಿ ಕೂತು ಮಾಡಿದ. ಬಾಡಿಯನ್ನು ಮೇಣದಲ್ಲಿ ಕೆತ್ತಿ ಅಕ್ರಿಲಿಕ್‌ನಲ್ಲಿ ಎರಕ ಹೊಯ್ದಾಗ ಅದು ಒಸಡಿನ ಬಣ್ಣದಲ್ಲೇ ಹೊರಬಂದು, ಡಾಕ್ಟರು "ಇದ್ಯಾರ ಬಾಯಯ್ಯಾ?" ಎಂದು ಕೇಳಿದ್ದರು. ಹಲ್ಲಿಗೆ ಹಾಕುವ ಸ್ಟೀಲ್ ತಂತಿ ಬಗ್ಗಿಸಿ ಪಂಜರ ಮಾಡಿದ. ಇಂಕು ಮುಗಿದ ಹಿತ್ತಾಳೆ ರೀಫಿಲ್ಲುಗಳು ಪೈಪುಗಳಾದವು, ಟೂತ್‌ಪೇಸ್ಟಿನ ಖಾಲಿ ಟ್ಯೂಬು ಕತ್ತರಿಸಿದ ತಗಡು ಡ್ಯಾಶ್‌ಬೋರ್ಡಾಯಿತು, ಹವಾಯಿ ಚಪ್ಪಲಿಯ ಅಟ್ಟೆ ಟೈರಾಯಿತು. ನಿಜವಾದ ಹೆರಾಲ್ಡಿನ ಹಾಗೆಯೇ ಬಾನೆಟ್ಟು ಮಡ್‌ಗಾರ್ಡಿನ ಸಮೇತ ಮುಂದಕ್ಕೆ ಬಾಗುತ್ತಿತ್ತು. ಒಂದು ಗೇಣಿನ ಕಾರು. ಕೆಂಪು ಬಣ್ಣ ಬಳಿದು ಉಜ್ಜಿ ನಿಲ್ಲಿಸಿದಾಗ, ರೈಲಿನ ಗೆಳೆಯರು ಫಾರಿನ್ನಿನದೇ ಎಂದು ಬೆಟ್ ಕಟ್ಟಿದ್ದರು.

ಅಂಥ ಕಾರನ್ನು ಹಿಡಿದು ಚನ್ನಬಸವಯ್ಯ ಯಾರದು ಎಂದು ಕೇಳಿದ್ದ.

ಪಟ್ಟಾಭಿ ಮನೆಗೆ ಬಂದು ನಡುಮನೆಯ ಕಂಬಕ್ಕೆ ಒರಗಿ ಕೂತ. ಅಷ್ಟು ದಿನದ ಕೆಲಸ, ಅದೂ ಕೆಡಿಸುವ ಕೆಲಸವಾಯಿತಲ್ಲ ಎಂದು ತನ್ನನ್ನೇ ಬೈದುಕೊಂಡ. ಆಮೇಲೆ, ಲ್ಯಾಬಿನಲ್ಲಿ ಸೆಟ್ಟು ಮುಗಿದಾಗ ಮಾಡುವಂತೆ, ಕಣ್ಣು ಮುಚ್ಚಿ ಕಾರಿನ ಮೇಲೆ ಹೆಬ್ಬೆರಳು ಎಳೆದ. ಎಲ್ಲಿಯೂ ತಡೆಯಲಿಲ್ಲ. ಅಭ್ಯಾಸಬಲದಿಂದ ಒಂದು ಕ್ಷಣ ಖುಷಿಯೂ ಆಯಿತು.

ತಾಯಿ ಅಲಮೇಲಮ್ಮ ಸೊಪ್ಪು ಸೋಸುತ್ತಾ ಕೂತಿದ್ದರು. "ಏನೋ, ಆಟದ ಸಾಮಾನು ಇಟ್ಕೊಂಡು ಧ್ಯಾನ ಮಾಡ್ತಿದೀಯಾ?"

"ಅಮ್ಮ, ಚನ್ನಬಸಣ್ಣನ ಹಳೇ ಕಾರು ನಿನಗೆ ಜ್ಞಾಪಕ ಇದೆಯಾ?"

"ಇಲ್ಲದೆ ಏನು. ನಮ್ಮನೆ ಮುಂದೆ ನಿಲ್ಲಿಸಿದ್ದಾಗ ಸೀರೆ ಸಿಕ್ಕಿಕೊಂಡು ಹರೀತಲ್ಲ. ಮೈತುಂಬಾ ಮುಳ್ಳು ಅದಕ್ಕೆ."

ಪಟ್ಟಾಭಿ ಕಣ್ಣು ಬಿಟ್ಟ. ಕೈಯಲ್ಲಿದ್ದದ್ದನ್ನು ನೋಡಿದ. ಚನ್ನಬಸವಯ್ಯ ಆ ಕಾರಿನ ತಗಡನ್ನು ಗ್ಯಾಸ್ ಕಟರಿನಲ್ಲಿ ಕೊಯ್ದು, ಸಿಕ್ಕ ಸಿಕ್ಕ ಕಡ್ಡಿಯಲ್ಲಿ ವೆಲ್ಡಿಂಗ್ ಮಾಡಿ, ಸುತ್ತಿಗೆಯಲ್ಲಿ ಬಡಿದು ಕೂರಿಸಿದ್ದ. ಓಡಬೇಕಾದ ಕಾರನ್ನು ಉಜ್ಜುತ್ತಾ ಕೂರಲು ಅವನಿಗೆ ಪುರುಸೊತ್ತೆಲ್ಲಿತ್ತು? ಆ ಗಂಟು, ಆ ತಗ್ಗು, ಆ ತೇಪೆ, ಅವೇ ಅವನ ಕಾರು. ಪಟ್ಟಾಭಿ ಅದನ್ನೆಲ್ಲಾ ಮುದುಕರ ಬಾಯಿಗೆ ಹೊಂದುವ ಹಾಗೆ ನುಣ್ಣಗೆ ಉಜ್ಜಿ ಹಾಕಿದ್ದ. ಹಾಗಾದರೆ ಚನ್ನಬಸವಯ್ಯನ ಕೈ ತಪ್ಪಿರಲಿಲ್ಲ. ಅವನದಲ್ಲದ ಕಾರನ್ನು ಅವನದಲ್ಲ ಎಂದೇ ಹೇಳಿತ್ತು.

ಇದನ್ನು ಈಗಲೇ ಓಡಿಹೋಗಿ ಹೇಳಬಹುದಿತ್ತು. ಆದರೆ ಸಮಾಧಾನಕ್ಕೆ ಹೇಳುತ್ತಾನೆ ಅಂದುಕೊಳ್ಳುವ ಮನುಷ್ಯ ಅದು. ಕೈಗೇ ಕೊಟ್ಟು ತೋರಿಸಬೇಕು ಎಂದುಕೊಂಡ ಪಟ್ಟಾಭಿ. ಭಾನುವಾರಕ್ಕೆ ಇನ್ನೂ ಒಂದು ವಾರವಿತ್ತು. ಅವನಿಗೆ ಅದು ಧಾರಾಳ.

ಸೋಮವಾರ ಡಾಕ್ಟರಿಗೆ ರಜ ಹೇಳಿ, ತುಮಕೂರಿನಿಂದ ಊರ್ಡಿಗೆರೆಯ ಬಸ್ಸು ಹತ್ತಿದ. ತೋಟದ ಅಡವಿಯಪ್ಪ ಬಂದವನ ಹಣೆಯ ಮೇಲಿನ ನಾಮ ನೋಡಿ ತಬ್ಬಿಬ್ಬಾದ.

"ನಿಮಗೆ ಕೋಳಿ ಬೇಕಾಗಿತ್ತಾ ಸ್ವಾಮಿ?"

"ಕೋಳಿ ಬೇಡಪ್ಪ. ಗೂಡು ನೋಡ್ಬೇಕು. ಒಂದು ಪಾತ್ರೆ ಬಿಸಿನೀರು ಕೊಡಿಸ್ತೀಯಾ?"

ಹೆರಾಲ್ಡು ಬೇಲಿಯ ಪಕ್ಕ ಕಲ್ಲುಗಳ ಮೇಲೆ ಕೂತಿತ್ತು. ಕಿಟಕಿಗೆ ಬಲೆ, ಸೀಟಿನ ಜಾಗದಲ್ಲಿ ಹುಲ್ಲು. ಪಟ್ಟಾಭಿ ಪಂಚೆ ಎತ್ತಿ ಕಟ್ಟಿ, ಕೋಳಿಗಳನ್ನು ಓಡಿಸಿ, ಒಳಗೆ ನುಗ್ಗಿದ. ವಾಸನೆಗೆ ಮೂಗು ಮುಚ್ಚುವ ಹಾಗಿತ್ತು. ಮುಚ್ಚಲು ಕೈ ಬಿಡುವಿರಲಿಲ್ಲ. ಕಣ್ಣು ಮುಚ್ಚಿಕೊಂಡು ತಗಡಿನ ಮೇಲೆಲ್ಲಾ ಬೆರಳಾಡಿಸುತ್ತಾ ಹೋದ. ಬೆರಳು ತಡೆದ ಕಡೆಯೆಲ್ಲಾ, ಬಾಯಿಯ ಅಳತೆ ತೆಗೆಯುವ ಮೇಣವನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಒತ್ತಿ ಅಚ್ಚು ತೆಗೆದ. ಅಡವಿಯಪ್ಪ ಬಗ್ಗಿ ನೋಡುತ್ತಲೇ ಇದ್ದ.

"ಅಲ್ಲ ಸ್ವಾಮಿ, ನೀವು ಹಲ್ಲು ಕಟ್ಟೋರು ಅಂತೀರ. ಕೋಳಿಗೂಡಿಗೆ ಎಲ್ಲಿ ಕಟ್ತೀರಾ?"

"ಕಟ್ಟಲ್ಲ. ಕಿತ್ತಿದ್ದನ್ನ ವಾಪಸ್ ಹಾಕ್ತೀನಿ."

ಆ ವಾರ ಪೂರ್ತಿ ಅವನು ಮಾಡಿದ್ದು ತನ್ನ ಕೆಲಸವನ್ನು ತಾನೇ ಹಾಳು ಮಾಡುವ ಕೆಲಸ. ಮೊದಲ ದಿನ ಆ ಹೊಳೆಯುವ ಕೆಂಪಿನ ಮೇಲೆ ಅರ ಇಟ್ಟು ಎಳೆಯಲು ಕೈಯೇ ಬರಲಿಲ್ಲ. ಎಳೆದ ಮೇಲೆ ಹುಮ್ಮಸ್ಸು ಬಂತು. ಅಚ್ಚುಗಳನ್ನು ಮುಂದಿಟ್ಟುಕೊಂಡು, ಅಕ್ರಿಲಿಕ್ ಅನ್ನು ಸೂಜಿಯ ತುದಿಯಲ್ಲಿ ತೊಟ್ಟು ತೊಟ್ಟಾಗಿ ಇಟ್ಟು ವೆಲ್ಡಿಂಗಿನ ಗಂಟುಗಳನ್ನು ಎಬ್ಬಿಸಿದ. ಪಂಜರದ ಮೂಲೆಗಳಿಗೆ ಬೆಸುಗೆ ಹೆಚ್ಚು ಹಾಕಿ ಉಬ್ಬಿಸಿದ. ಬಾಗಿಲನ್ನು ದೀಪಕ್ಕೆ ಕಾಯಿಸಿ ಒತ್ತಿ ತಗ್ಗು ಮಾಡಿದ. ಮುಗಿದ ಮೇಲೆ ಕೈ ತಾನಾಗಿ ಉಜ್ಜುವ ಚಕ್ರದ ಕಡೆ ಹೋಯಿತು. ಥತ್, ಎಂದು ತನ್ನ ಕೈಗೆ ತಾನೇ ಒಂದು ಏಟು ಕೊಟ್ಟುಕೊಂಡ.

ಭಾನುವಾರ ಬೆಳಗ್ಗೆ ಚನ್ನಬಸವಯ್ಯ ಸ್ನಾನ ಮಾಡಿ, ವಿಭೂತಿ ಧರಿಸಿ, ಒಗೆದ ಷರಟು ಹಾಕಿಕೊಂಡು ಜಗಲಿಯ ಮೇಲೆ ಪುಟ್ಟರಂಗಯ್ಯನಿಗಾಗಿ ಕಾಯುತ್ತಾ ಕೂತಿದ್ದ. ಪಟ್ಟಾಭಿ ಟವಲು ಬಿಚ್ಚಿ ಕಾರನ್ನು ಅವನ ಎರಡೂ ಅಂಗೈಗಳ ಮೇಲಿಟ್ಟ.

"ಮತ್ತೆ ತಂದ್ಯಾ? ಬುಡೋ ಅಂದ್ರೆ..." ಎನ್ನುತ್ತಿದ್ದವನ ಹೆಬ್ಬೆರಳು ಬಾನೆಟ್ಟಿನ ಅಂಚಿನಲ್ಲಿ ನಿಂತಿತು. ಮಾತೂ ಅಲ್ಲೇ ನಿಂತಿತು. ಹೆಬ್ಬೆರಳು ಹಿಂದಕ್ಕೆ ಹೋಯಿತು, ಮತ್ತೆ ಅದೇ ಗಂಟಿಗೆ ಬಂತು.

"ಇಲ್ಲಿ ಕಡ್ಡಿ ಮುಗ್ದೋಗಿತ್ತು," ಎಂದ ನಿಧಾನವಾಗಿ. "ಹಿತ್ತಾಳೇಲಿ ಬೆಸ್ದಿದ್ದೆ. ಅದ್ಕೇ ಇಷ್ಟು ದಪ್ಪ."

ಬೆರಳುಗಳು ಬಾಗಿಲಿಗೆ ಬಂದವು. ತಗ್ಗಿನೊಳಗೆ ಇಳಿದು ಹತ್ತಿದವು. "ಎಮ್ಮೆ," ಎಂದ. "ಕುಣಿಗಲ್ ರೋಡಲ್ಲಿ ಟ್ರಯಲ್ ಓಡಿಸ್ವಾಗ ಅಡ್ಡ ಬಂತಲ್ಲ. ಎಮ್ಮೆಗೇನೂ ಆಗ್ಲಿಲ್ಲ, ನಮ್ ಬಾಗ್ಲೇ ಹೋಯ್ತು." ಅವನು ನಕ್ಕ. ಒಳಗಿದ್ದ ಗಂಗಾಂಬಿಕೆ ಆ ನಗುವಿಗೆ ಹೊರಗೆ ಓಡಿ ಬಂದು, ಪಟ್ಟಾಭಿಯನ್ನು ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು.

"ಹೋದ ವಾರ ನಿಮ್ಮ ಕೈ ತಪ್ಪಲಿಲ್ಲ ಅಣ್ಣ," ಎಂದ ಪಟ್ಟಾಭಿ. "ತಪ್ಪಿದ್ದು ನನ್ನ ಕೈ. ನಿಮ್ಮ ಕಾರನ್ನ ಉಜ್ಜಿ ಉಜ್ಜಿ ಇಲ್ಲದ ಹಾಗೆ ಮಾಡಿದ್ದೆ."

ಚನ್ನಬಸವಯ್ಯ ಕೇಳಿಸಿಕೊಂಡನೋ ಇಲ್ಲವೋ. ಪೈಪುಗಳನ್ನು ಎಣಿಸುವವನಂತೆ ಮುಟ್ಟುತ್ತಿದ್ದ. ನಾಲ್ಕನೆಯದಕ್ಕೆ ಬಂದವನು ತಲೆ ಅಲ್ಲಾಡಿಸಿದ. "ಇದು ನೆಟ್ಟಗೈತಲ್ಲೋ. ಮದ್ರಾಸಲ್ಲಿ ಇಳಿಸ್ವಾಗ ಲಾರಿ ಹಲಗೆಗೆ ತಾಗಿ ಬಗ್ಗಿತ್ತು. ಕೆಳಮುಖಕ್ಕೆ."

ಎಂಜಿನ್ನಿನ ಜೊತೆ ಪೈಪುಗಳು ಎಂದೋ ಹೋಗಿದ್ದವು. ಒಂದು ಬಗ್ಗಿತ್ತೆಂಬುದು ಮದ್ರಾಸಿಗೆ ಜೊತೆಗೇ ಹೋಗಿದ್ದ ಪಟ್ಟಾಭಿಗೂ ನೆನಪಿರಲಿಲ್ಲ. "ಕೊಡಿ, ಸರಿ ಮಾಡ್ತೀನಿ," ಎಂದು ಕೈ ಚಾಚಿದ.

"ಇರು."

ಚನ್ನಬಸವಯ್ಯ ಎಡಗೈಯಲ್ಲಿ ಕಾರನ್ನು ಭದ್ರವಾಗಿ ಹಿಡಿದು, ಬಲಗೈಯ ಎರಡು ಬೆರಳುಗಳ ನಡುವೆ ಆ ರೀಫಿಲ್ಲನ್ನು ಸಿಕ್ಕಿಸಿಕೊಂಡ. ಸ್ಪ್ಯಾನರು ಹಿಡಿದು ಹಿಡಿದು ಮೊಂಡಾದ ಬೆರಳುಗಳವು. ಪಟ್ಟಾಭಿಗೆ ಈಗ ಮುರಿದೇ ಹೋಯಿತು ಅನ್ನಿಸಿತು. ಮುರಿಯಲಿಲ್ಲ. ಕೂದಲೆಳೆಯಷ್ಟು ಬಗ್ಗಿಸಿ, ಮುಟ್ಟಿ ನೋಡಿ, ಇನ್ನೊಂದು ಕೂದಲೆಳೆಯಷ್ಟು ಬಗ್ಗಿಸಿದ. ಅದು ಅವನು ಒಂದು ವರ್ಷದಲ್ಲಿ ಮಾಡಿದ ಮೊದಲ ರಿಪೇರಿ.

ಅಷ್ಟರಲ್ಲಿ ಪುಟ್ಟರಂಗಯ್ಯನ ಜೀಪು ಬಂದು ಮನೆಯ ಮುಂದೆ ನಿಂತಿತು. ಬಿಳೀ ಪಂಚೆ ಜುಬ್ಬಾದ ಪುಟ್ಟರಂಗಯ್ಯ ಕಂಕುಳಲ್ಲಿ ಚೀಲ ಸಿಕ್ಕಿಸಿಕೊಂಡು, ಒಂದು ಕಾಲು ಕೆಳಗಿಟ್ಟು ಕೀಲಿಗೆ ಕೈ ಹಾಕಿದ.

"ಆಫ್ ಮಾಡ್ಬೇಡಿ ಪುಟ್ಟರಂಗಯ್ನೋರೆ," ಎಂದ ಚನ್ನಬಸವಯ್ಯ.

"ಯಾಕೆ ಯಜಮಾನ್ರೇ?"

"ಎಷ್ಟು ದಿವ್ಸದಿಂದ ಹಿಂಗೆ ಕೆಮ್ತೈತೆ ಇದು?"

"ಅದಾ, ಎರಡು ತಿಂಗಳಾಯ್ತು. ತುಮಕೂರಲ್ಲಿ ಇಬ್ಬರಿಗೆ ತೋರಿಸ್ದೆ, ಸರಿಹೋಗ್ಲಿಲ್ಲ. ಅದಿರ್ಲಿ, ಶೆಡ್ಡಿನ ಪತ್ರ ತಂದಿದೀನಿ, ಒಂದು ಸಲ ಓದಿಸಿಬಿಟ್ರೆ..."

"ಪತ್ರ ಗೂಟಕ್ಕೆ ತಗಲಾಕಿ. ಒಳಗೆ ಕೂತ್ಕೊಂಡು ಆಕ್ಸಿಲರೇಟರ್ ಒತ್ತಿ. ನಾನು ಬೆರಳು ಎತ್ತಿರೋಷ್ಟು ಹೊತ್ತು ಬುಡ್ಬೇಡಿ."

ಕಾರನ್ನು ಪಕ್ಕಕ್ಕಿಟ್ಟು ಅವನು ಎದ್ದ. ಪಟ್ಟಾಭಿ ತೋಳು ಹಿಡಿಯಲು ಹೋದದ್ದನ್ನು ತಳ್ಳಿ, ಜಗಲಿಯ ಮೆಟ್ಟಿಲು ಇಳಿದು, ಸದ್ದಿನ ಕಡೆಗೆ ನಡೆದ. ಅಂಗೈ ಜೀಪಿನ ಬಾನೆಟ್ಟನ್ನು ಮುಟ್ಟಿತು, ಅಂಚು ಹಿಡಿದು ಜಾರಿತು, ಕೊಂಡಿಯನ್ನು ತಾನೇ ಹುಡುಕಿಕೊಂಡಿತು. ಒಗೆದ ಷರಟಿನ ತೋಳು ಮಡಿಸಿ, ಎಂಜಿನ್ನಿನೊಳಗೆ ಮೊಣಕೈವರೆಗೆ ಕೈ ಇಳಿಸಿ, ಇನ್ನೊಂದು ಕೈಯ ಬೆರಳನ್ನು ಮೇಲೆತ್ತಿದ. ಪುಟ್ಟರಂಗಯ್ಯ ಹೇಳಿದಂತೆ ಒತ್ತಿದ. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ಸೈಕಲ್ ಇಳಿದು ನಿಂತು ನೋಡಿದರು.

ಗಂಗಾಂಬಿಕೆ ಶೆಡ್ಡಿನೊಳಗೆ ಹೋದಳು. ಸ್ಪ್ಯಾನರುಗಳ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, ಧೂಳು ಒರೆಸಿ ಮುಚ್ಚಳ ತೆಗೆದು, ಗಂಡನ ಬಲಗೈಗೆ ಸಿಗುವ ಹಾಗೆ ಅವನ ಪಕ್ಕದಲ್ಲಿ ನೆಲದ ಮೇಲಿಟ್ಟಳು.