ಒಣಗಿಸುವ ಕೋಣೆಯಲ್ಲಿ ಇಳಿದ ತೂಕ

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ. ಎಲ್ಲರಿಗೂ ಅವನು ಡ್ರಮ್ಮು. ಹನ್ನೊಂದು ವರ್ಷ ಸ್ಟೂಲಿನ ಮೇಲೆ ಕೂತು ಬೆಡ್‌ಶೀಟು ಮಡಿಸಿ ಮಡಿಸಿ ಮೈ ನೂರಾ ಹದಿನೆಂಟು ಕಿಲೋಗೆ ಬಂದಿತ್ತು. ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿರಲಿಲ್ಲ. ಅಷ್ಟು ಕಾಲವೂ ಪರೀಕ್ಷೆ, ಮಾತ್ರೆ, ನೆಂಟರ ಕೊಂಕು ಎಲ್ಲವೂ ಹೆಂಡತಿಯ ಪಾಲಿಗೇ ಬಂದವು. ಅವನನ್ನು ಪರೀಕ್ಷಿಸಿದ್ದು ಈ ವರ್ಷ, ಮೊದಲ ಸಲ.

ವೀರ್ಯಾಣುಗಳ ಸಂಖ್ಯೆ ಮಿಲಿಲೀಟರಿಗೆ ತೊಂಬತ್ತು ಲಕ್ಷ. ಕೇಳಿದವನಿಗೆ ಧಾರಾಳವೆನಿಸಿತು. ಒಂದೂವರೆ ಕೋಟಿಯಾದರೂ ಇರಬೇಕಿತ್ತು ಎಂದರು ಡಾಕ್ಟರಮ್ಮ. ಬೊಜ್ಜು ಗಂಡಸಿನ ಹಾರ್ಮೋನನ್ನು ಹೆಣ್ಣಿನ ಹಾರ್ಮೋನಾಗಿ ಮಾರ್ಪಡಿಸುತ್ತದೆ. ತೂಕ ಇಳಿಸಿದರೆ ಸುಧಾರಿಸಬಹುದು, ಖಾತ್ರಿ ಕೊಡಲಾರೆ. ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುತ್ತದೆ, ಆರು ತಿಂಗಳು ಬಿಟ್ಟು ಬನ್ನಿ ಎಂದರು. ಹೆಂಡತಿಗೆ ಮೂವತ್ತೊಂಬತ್ತು; ಅವಳ ಅಂಡಗಳ ಸಂಗ್ರಹ ತಳ ಕಾಣುತ್ತಿತ್ತು. ಟೆಸ್ಟ್ ಟ್ಯೂಬ್ ಮಗುವಿನ ದಾರಿ ಅವರ ಕೈಗೆಟುಕುವಂಥದ್ದಲ್ಲ. ಈ ವರ್ಷ ತಪ್ಪಿದರೆ ಆಸೆ ಇಟ್ಟುಕೊಳ್ಳಬೇಡಿ ಎಂಬುದನ್ನೂ ಡಾಕ್ಟರಮ್ಮ ಮುಚ್ಚಿಡಲಿಲ್ಲ.

ಮರುದಿನವೇ ಅವನು ಮೇಸ್ತ್ರಿಯನ್ನು ಗೋಗರೆದು ಒಣಗಿಸುವ ಕೋಣೆಗೆ ಬದಲಾಯಿಸಿಕೊಂಡ. ಆಳೆತ್ತರದ ನಾಲ್ಕು ಯಂತ್ರಗಳು ಉಗುಳುವ ಬಿಸಿಗೆ ಅಲ್ಲಿ ಯಾರೂ ಎರಡು ಗಂಟೆಗಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಆದರೆ ಒದ್ದೆ ಬಟ್ಟೆ ಒಳಗೆ ಹೋಗಿ ಹಗುರವಾಗಿ ಹೊರಬರುವುದನ್ನು ಹನ್ನೊಂದು ವರ್ಷ ಕಣ್ಣಾರೆ ಕಂಡವನು ಅವನು. ಮೈಯಿಂದ ನೀರಿಳಿದರೆ ತೂಕವೂ ಇಳಿಯಬೇಕಲ್ಲ. ಬೆವರು ಇನ್ನಷ್ಟು ಕಿತ್ತು ಬರಲಿ ಎಂದು ಸೊಂಟದಿಂದ ಮೊಣಕಾಲಿನವರೆಗೆ ಪ್ಲಾಸ್ಟಿಕ್ ಸುತ್ತಿಕೊಂಡ. ಟೈಲರಾದ ಹೆಂಡತಿ ಅದಕ್ಕೆ ಲಾಡಿ ಹಾಕಿ, ಜಾರದಂತೆ ಹೊಲಿದುಕೊಟ್ಟಳು. ರಾತ್ರಿಯೂಟವನ್ನೂ ಬಿಟ್ಟ.

ಶನಿವಾರಗಳಂದು ಬಟ್ಟೆಗಂಟು ತೂಗುವ ತಕ್ಕಡಿಯ ಮೇಲೆ ಹತ್ತಿ ನಿಲ್ಲುತ್ತಿದ್ದ. ಮುಳ್ಳು ಇಳಿದಂತೆಲ್ಲ ಜೊತೆಯವರು ಸೇರುತ್ತಿದ್ದರು. "ಡ್ರಮ್ಮು ಹೋಗಿ ಬಕೆಟ್ ಆಯ್ತು. ಇನ್ನು ಚೊಂಬಾಗೋದೊಂದು ಬಾಕಿ," ಎಂದ ಮೇಸ್ತ್ರಿ. ಅವನೂ ನಕ್ಕ. ಆರು ತಿಂಗಳಿಗೆ ನೂರಾ ಒಂದು ಕಿಲೋ.

ಎರಡನೆಯ ವರದಿಗೆ ಒಬ್ಬನೇ ಹೋದ. ಹೆಂಡತಿಗೆ ತುರ್ತಿನ ಹೊಲಿಗೆಯಿತ್ತು. ತೂಕ ನೋಡಿ ಮುಖ ಅರಳಿಸಿದ ಡಾಕ್ಟರಮ್ಮ, ವರದಿ ನೋಡಿ ಕನ್ನಡಕ ತೆಗೆದರು. ಇಪ್ಪತ್ತು ಲಕ್ಷ. ಜ್ವರ ಬಂದಿತ್ತೇ, ಏನಾದರೂ ಔಷಧಿ ತೆಗೆದುಕೊಂಡಿರೇ ಎಂದು ಒಂದೊಂದಾಗಿ ವಿಚಾರಿಸಿದರು. ಎಲ್ಲಕ್ಕೂ ಇಲ್ಲ ಎಂದ. ಕೊನೆಗೆ ತೂಕ ಇಳಿಸಿದ ಬಗೆ ಕೇಳಿದಾಗ ಕೊಂಚ ಹೆಮ್ಮೆಯಿಂದಲೇ ಎಲ್ಲವನ್ನೂ ವಿವರಿಸಿದ.

"ದಿನಕ್ಕೆ ಎಂಟು ಗಂಟೆ? ಪ್ಲಾಸ್ಟಿಕ್ ಸುತ್ಕೊಂಡು?"

"ಹೌದು ಡಾಕ್ಟ್ರೇ. ಒಂದಿನಾನೂ ತಪ್ಪಿಸಿಲ್ಲ."

ಅವರು ಪೆನ್ನು ಕೆಳಗಿಟ್ಟರು. "ಬೀಜ ಮೈಯಿಂದ ಹೊರಗೆ ಇರೋದೇ ತಂಪಾಗಿರ್ಲಿ ಅಂತ. ಅದಕ್ಕೆ ಬಿಸಿ ತಡೆಯೋಕಾಗಲ್ಲಪ್ಪ. ತೂಕ ಇಳಿದಿದ್ದು ಊಟ ಬಿಟ್ಟಿದ್ದಕ್ಕೆ. ಬೆವರು ನೀರು ಕುಡಿದ್ರೆ ವಾಪಸ್ ಬರುತ್ತೆ."

ಮುಂದೇನು ಎಂದು ಅವನು ಕೇಳಿದ. ಆ ಕೋಣೆ ಬಿಟ್ಟರೆ ಮೂರ್ನಾಲ್ಕು ತಿಂಗಳಲ್ಲಿ ಸಂಖ್ಯೆ ಏರಬಹುದು ಎಂದರು. ಹಾಗೆನ್ನುತ್ತಲೇ ಹೆಂಡತಿಯ ಈ ತಿಂಗಳ ವರದಿಯನ್ನು ತೆರೆದು ನೋಡಿ, ಮಗುಚಿಟ್ಟರು.

"ನಿಮ್ದು ಸರಿಹೋಗ್ಬಹುದು. ಅವ್ರದು ಅಲ್ಲೀವರೆಗೆ ಕಾಯಲ್ಲ."

ಮನೆಯಲ್ಲಿ ಹೆಂಡತಿ ಮಿಷನ್ನಿನ ಮುಂದೆ ಕೂತಿದ್ದಳು. ಅವನು ಬಾಗಿಲು ದಾಟುವ ಮೊದಲೇ ಎದ್ದು ಬಂದು, ಕೊರಳಿನ ಟೇಪು ತೆಗೆದು ಅವನ ಸೊಂಟಕ್ಕೆ ಸುತ್ತಿದಳು.

"ಇನ್ನೂ ಒಂದಿಂಚು ಇಳಿದಿದೀರಿ ಕಣ್ರೀ. ಡಾಕ್ಟ್ರು ಖುಷಿಪಟ್ರಾ?"

ಅವನು ಗೋಡೆ ನೋಡುತ್ತಾ ಎಲ್ಲವನ್ನೂ ಹೇಳಿದ. ಅವಳ ವರದಿಯನ್ನು ಮಗುಚಿಟ್ಟದ್ದನ್ನೂ ಬಿಡಲಿಲ್ಲ. ಟೇಪು ಸೊಂಟದ ಸುತ್ತ ಹಾಗೆಯೇ ಇತ್ತು.

"ಲಾಡಿ ಹಾಕ್ಕೊಟ್ಟಿದ್ದು ನಾನೇ ಅಲ್ವೇನ್ರೀ," ಎಂದಳು.

ಆಮೇಲೆ ಅವನ ಪ್ಯಾಂಟನ್ನು ಮಿಷನ್ನಿಗೆ ಕೊಟ್ಟು ಒಂದಿಂಚು ಒಳಕ್ಕೆ ಹೊಲಿದಳು. ಅಳತೆ ತಗೊಂಡಾಗಿತ್ತಲ್ಲ.