ಮೂರನೆಯ ಸುತ್ತು

ನನ್ನ ತಂಗಿ ಥಿಯಾಳ ಜೊತೆ ಒಂದೇ ಒಂದು ನಿಮಿಷ ಗುಟ್ಟಾಗಿ ಮಾತಾಡಬೇಕಿತ್ತು. ಅದಕ್ಕೆಂದೇ ಇಂಗ್ಲೆಂಡಿನ ಶ್ರಾಪ್‌ಶೈರಿನ ಹಳ್ಳಿಯೊಂದರಲ್ಲಿ ವಾರಾಂತ್ಯಕ್ಕೆ ಮನೆ ಬಾಡಿಗೆ ಹಿಡಿದು, ಅವಳನ್ನೂ ಅವಳ ಗಂಡ ಕ್ರಿಸ್ಪಿನ್‌ನನ್ನೂ ಕರೆಸಿಕೊಂಡಿದ್ದೆ. ಶುಕ್ರವಾರದಿಂದ ಭಾನುವಾರ ಮಧ್ಯಾಹ್ನದವರೆಗೂ ಆ ನಿಮಿಷ ಸಿಗಲಿಲ್ಲ. ಹೊಲದ ದಾರಿಯಲ್ಲಿ ನಡೆದರೆ ಅವನು ನಮ್ಮಿಬ್ಬರ ನಡುವೆ. ಅವಳು ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದ. ನನ್ನ ಬಾಯಿಬಡುಕಿ ತಂಗಿ ಮದುವೆಯಾದ ಎರಡೇ ವರ್ಷದಲ್ಲಿ, ಮಾತಾಡುವ ಮೊದಲು ಅವನ ಮುಖ ನೋಡುವುದನ್ನು ಕಲಿತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು.

ಭಾನುವಾರ ‘ನೇಗಿಲು’ ಪಬ್ಬಿನಲ್ಲಿ ಊಟ ಮುಗಿಸಿ ಹಾಗೇ ಊರಿಗೆ ಹೊರಡುವುದೆಂದಾಗಿತ್ತು. ನಾನು ನನ್ನ ಕಾರಿನಲ್ಲಿ ಬಂದೆ, ಅವರಿಬ್ಬರು ಅವರದರಲ್ಲಿ. ಥಿಯಾಗೆ ಏನು ಬೇಕೆಂದು ಕ್ರಿಸ್ಪಿನ್ನೇ ಹೇಳಿದ. ಹುರಿದ ಮಾಂಸದ ಮೇಲೆ ಖಾರದ ಮೂಲಂಗಿ ಗೊಜ್ಜನ್ನೂ ಅವನೇ ಬಡಿಸಿದ. ಚಿಕ್ಕಂದಿನಿಂದ ಅವಳಿಗೆ ಅದರ ವಾಸನೆಯೇ ಆಗದು. ಆದರೂ ತಟ್ಟೆ ಖಾಲಿ ಮಾಡಿದಳು.

ಪಬ್ಬಿನಲ್ಲಿ ಕುಡಿಯುವುದನ್ನು ಯಾರೂ ಮೇಜಿಗೆ ತಂದುಕೊಡುವುದಿಲ್ಲ. ಜೊತೆಗೆ ಕೂತವರು ಸರದಿಯ ಮೇಲೆ ಕೌಂಟರಿಗೆ ಹೋಗಿ ಎಲ್ಲರಿಗೂ ತರಬೇಕು. ಸರದಿ ತಪ್ಪಿಸಿದವರಿಗೆ ಆ ಊರಲ್ಲಿ ಮತ್ತೆ ಮರ್ಯಾದೆ ಇಲ್ಲ. ಮೊದಲ ಸುತ್ತು ಕ್ರಿಸ್ಪಿನ್ ತಂದ, ಎರಡನೆಯದು ನಾನು. ನನ್ನ ಗ್ಲಾಸನ್ನು ನೀರು ಕುಡಿದ ಹಾಗೆ ಕುಡಿದು ಮುಗಿಸಿದೆ.

“ಈಗ ಥಿಯಾ ಸರದಿ,” ಎಂದೆ.

ಕ್ರಿಸ್ಪಿನ್ ಆಗಲೇ ಎದ್ದಿದ್ದ. “ನಾನೇ ತರ್ತೀನಿ ಬಿಡಿ ಹೆಸ್ಟರ್. ಇವಳು ಹೋದ್ರೆ ಏನಾದ್ರೂ ಎಡವಟ್ಟು ಮಾಡ್ಕೊಂಡು ಬರ್ತಾಳೆ. ಅಲ್ವಾ ಚಿನ್ನಾ?”

“ಹೌದು,” ಎಂದಳು ಥಿಯಾ.

ಪಕ್ಕದ ಮೇಜಿನಲ್ಲಿ ನಾಯಿಯನ್ನು ಕಾಲಡಿ ಮಲಗಿಸಿಕೊಂಡು ಕೂತಿದ್ದ ಮುದುಕ ರೈತ ವಿಲ್ಫ್ ಬಾಯಿ ಹಾಕಿದ. “ಏನ್ ಸ್ವಾಮಿ, ಹೆಂಡ್ತಿ ಸರದೀನೂ ಕಿತ್ಕೊಂಡ್ಬಿಡ್ತೀರಾ? ನಮ್ಮೂರಲ್ಲಿ ಹಂಗೆಲ್ಲ ನಡಿಯಲ್ಲ.”

ಸುತ್ತಲಿದ್ದವರು ನಕ್ಕರು. ನಾಲ್ಕು ಜನರ ಮುಂದೆ ಒಳ್ಳೆಯವನೆನಿಸಿಕೊಳ್ಳುವುದೆಂದರೆ ಕ್ರಿಸ್ಪಿನ್‌ಗೆ ಪ್ರಾಣ. ಅವನೂ ನಕ್ಕು ಕೂತ. ಥಿಯಾಳ ಮಣಿಕಟ್ಟು ಬಿಡಲು ಮಾತ್ರ ಸ್ವಲ್ಪ ಹೊತ್ತು ತೆಗೆದುಕೊಂಡ.

“ಪುಡಿಂಗ್ ಏನೇನಿದೆ ನೋಡ್ಕೊಂಡು ಬರ್ತೀನಿ,” ಎಂದು ನಾನೂ ಅವಳ ಬೆನ್ನಿಗೇ ಹೋದೆ.

ಕೌಂಟರಿನ ಹೆಂಗಸು ನಿಧಾನವಾಗಿ ಬಿಯರ್ ಪಂಪು ಜಗ್ಗುತ್ತಿದ್ದಳು.

“ನಗ್ತಾ ಮಾತಾಡು,” ಎಂದಳು ಥಿಯಾ, ತಾನೂ ಬಾಯಿ ತುಂಬ ನಗುತ್ತ. “ಎದುರುಗಡೆ ಕನ್ನಡೀಲಿ ನಮ್ಮನ್ನೇ ನೋಡ್ತಿದ್ದಾನೆ. ನೀನು ಈಗ ಮಾಡಿದ್ದಕ್ಕೆ ಕಾರಲ್ಲಿ ನಾನು ಅನುಭವಿಸ್ಬೇಕು ಕಣೇ.”

“ಹೊಡೀತಾನಾ?”

“ಇಲ್ಲ. ಜೋರಾಗಿ ಓಡಿಸ್ತಾನೆ. ನಾನು ತಪ್ಪಾಯ್ತು ಅನ್ನೋವರೆಗೂ. ಹೋದ್ಸಲ ಕಣ್ಣು ಮುಚ್ಕೊಂಡು ಓಡಿಸ್ದ.”

ನನ್ನ ಜಾಣತನದ ಮೇಲೆ ನನಗೇ ಹೇಸಿಗೆಯಾಯಿತು. ನಗುತ್ತಲೇ ನನ್ನ ಕಾರಿನ ಕೀ ಅವಳ ಅಂಗೈಗೆ ಒತ್ತಿದೆ. “ಹಿತ್ತಲಲ್ಲಿ ನಿಲ್ಸಿದೀನಿ. ಸೀದಾ ಪೊಲೀಸರ ಹತ್ರ ಹೋಗು.”

ಹೆಂಗಸು ಪಂಪು ಬಿಟ್ಟು, ನಮ್ಮ ಕಡೆ ನೋಡದೆಯೇ, ಕೌಂಟರಿನ ತುದಿಯ ಮಡಚುವ ಹಲಗೆ ಎತ್ತಿದಳು. “ಅಡುಗೆಮನೆ ದಾಟಿದ್ರೆ ಹಿತ್ತಲು,” ಎಂದಳು.

ಥಿಯಾ ಕೀಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಅಲ್ಲೇ ನಿಂತಳು.

“ಚಿನ್ನಾ, ಹೊರಡೋಣ.” ಕ್ರಿಸ್ಪಿನ್ ನಮ್ಮ ಹಿಂದೆಯೇ ನಿಂತಿದ್ದ. ಥಿಯಾಳ ಕೋಟನ್ನು ಅವಳು ತೊಡಲೆಂದು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಿದ್ದ.

“ನೋಡಿ ಕಲೀರೋ,” ಎಂದ ವಿಲ್ಫ್ ಮೆಚ್ಚಿಕೆಯಿಂದ. “ಹೆಂಡ್ತಿಗೆ ಕೋಟು ಹಿಡಿಯೋ ಗಂಡಸ್ರು ಈಗ ಎಲ್ಲವ್ರೆ?”

ಥಿಯಾ ಕೈ ಚಾಚಿದಳು. ಎರಡು ವರ್ಷದ ಅಭ್ಯಾಸ.

ನಾನು ಅವಳನ್ನು ಪಕ್ಕಕ್ಕೆ ತಳ್ಳಿ, ಕೋಟಿನ ತೋಳಿಗೆ ನನ್ನ ಕೈ ತೂರಿಸಿದೆ. “ಥ್ಯಾಂಕ್ಸ್ ಕ್ರಿಸ್ಪಿನ್. ಆಗ್ಲಿಂದ ಚಳಿಯಾಗ್ತಿತ್ತು ನಂಗೆ.” ಅವನಿಗೆ ಬೆನ್ನು ಮಾಡಿ ಇನ್ನೊಂದು ಕೈಯನ್ನೂ ತೂರಿಸಿದೆ.

ಥಿಯಾ ನನ್ನನ್ನೊಮ್ಮೆ ನೋಡಿ ಒಳಗೆ ನುಸುಳಿದಳು. ಹೆಂಗಸು ಹಲಗೆ ಇಳಿಸಿ, ಅದರ ಮೇಲೆ ಎರಡೂ ಕೈ ಊರಿ ನಿಂತಳು. ನಾನು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕುತ್ತ ಕಾದೆ. ಕೊನೆಗೆ ಹಿತ್ತಲಲ್ಲಿ ನನ್ನ ಕಾರು ಶುರುವಾದ ಸದ್ದು ಕೇಳಿಸಿತು.

ಕ್ರಿಸ್ಪಿನ್‌ನ ಕೈಗಳು ಇನ್ನೂ ನನ್ನ ಭುಜದ ಮೇಲಿದ್ದವು. ಎಲ್ಲರೆದುರಿಗೇ, ಬಹಳ ಮೆಲ್ಲಗೆ, ಅವು ಬಿಗಿಯತೊಡಗಿದವು.

“ನಿಮಗೀಗ ಕಾರಿಲ್ಲವಲ್ಲ ಹೆಸ್ಟರ್,” ಎಂದ. “ಬನ್ನಿ, ಮನೆಗೆ ನಾನೇ ಬಿಡ್ತೀನಿ.”