ತುದಿಯ ಗಳ

ಕುಳ್ಳಯ್ಯ ಹೆಸರಿಗಷ್ಟೇ ಕುಳ್ಳ, ಆಳು ಬಾಗಿಲಿಗೆ ತಲೆ ತಾಗುವಷ್ಟು ಉದ್ದ. ಅಷ್ಟುದ್ದದ ಮನುಷ್ಯನಿಗೆ ಎತ್ತರವೆಂದರೆ ಜೀವಭಯ. ಚಿಕ್ಕಂದಿನಲ್ಲಿ ಅಣ್ಣ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ತುದಿಯ ಗಳದಿಂದ ಬಿದ್ದು ಸತ್ತದ್ದನ್ನು ಕಣ್ಣಾರೆ ಕಂಡಿದ್ದ. ಅಂದಿನಿಂದ ಎರಡನೇ ಗಳಕ್ಕೆ ಕಾಲಿಟ್ಟರೂ ತೊಡೆ ನಡುಗುತ್ತಿತ್ತು.

ಬೆಟ್ಟದಪುರದ ಕಡೆ ಹೊಗೆಸೊಪ್ಪು ಬೆಳೆಯುವವನಿಗೆ ಇದೇನು ಸಣ್ಣ ಕೊರತೆಯೇ? ಬ್ಯಾರನ್ನಿನೊಳಗೆ ಸೂರಿನವರೆಗೂ ಅಡ್ಡಡ್ಡ ಗಳಗಳಿರುತ್ತವೆ. ಅವುಗಳ ಮೇಲೆ ಕಾಲು ಅಗಲಿಸಿ ನಿಂತು, ಸೊಪ್ಪು ಕಟ್ಟಿದ ಕಡ್ಡಿಗಳನ್ನು ಸಾಲಾಗಿ ಏರಿಸಬೇಕು. ಮೇಲೆ ನಿಲ್ಲುವುದು ಗಂಡಸರ ಕೆಲಸ, ಕೆಳಗಿನಿಂದ ಕಡ್ಡಿ ಎತ್ತಿಕೊಡುವುದು ಹೆಂಗಸರದು. ಕುಳ್ಳಯ್ಯನ ಮನೆಯಲ್ಲಿ ಮಾತ್ರ ಉಲ್ಟಾ. ಹೆಂಡತಿ ಚಿಕ್ಕಬೀರಮ್ಮ ಸೀರೆ ಎತ್ತಿಕಟ್ಟಿ ಮೇಲೆ, ಗಂಡ ಕೆಳಗೆ.

"ನೀವ್ ಕೆಳಗೇ ನಿಂತ್ಕಳಿ. ನಂಗೇನ್ ಕಷ್ಟ?" ಎನ್ನುತ್ತಿದ್ದಳು ಆಕೆ. ಆಡಿಕೊಳ್ಳುವವರ ಬಾಯಿಗೆ ಬೀಗವುಂಟೇ? "ಏನ್ಲಾ ಕುಳ್ಳ, ಸೀರೇನೂ ನೀನೇ ಉಟ್ಕಂಡ್ಬುಡು" ಎಂದು ಪಕ್ಕದ ಹೊಲದ ದೊಡ್ಡಬೀರಯ್ಯ ಹಲ್ಲು ಕಿಸಿಯುತ್ತಿದ್ದ.

ಆ ವರ್ಷ ಅವಳ ಮಂಡಿ ಊದಿತು. ಹಲ್ಲು ಕಚ್ಚಿಕೊಂಡು ಇಳಿಯುವುದನ್ನು ನೋಡಲಾರದೆ, ಮುಂದಿನ ಸಲ ತಾನೇ ಹತ್ತುವುದೆಂದು ಕುಳ್ಳಯ್ಯ ನಿಶ್ಚಯಿಸಿದ. ಬೆಂದ ಸೊಪ್ಪು ಇಳಿಸಿ ಬ್ಯಾರನ್ ಖಾಲಿಯಾದಾಗ, ಅವಳು ಹೊಲಕ್ಕೆ ಹೋದ ಮೇಲೆ, ಬಾಗಿಲು ಮುಂದೆ ಮಾಡಿಕೊಂಡು ಒಂದೊಂದೇ ಗಳ ಹತ್ತಿ ಕಲಿತ. ಹೆಂಡತಿಗೂ ಹೇಳಲಿಲ್ಲ. ಆಗದೆ ಹೋದರೆ ಅವಳೆದುರು ಇನ್ನೊಂದು ಸಲ ಸಣ್ಣವನಾಗಬೇಕಲ್ಲ ಎಂಬ ನಾಚಿಕೆ.

ಬ್ಯಾರನ್ ತುಂಬುವ ಹಿಂದಿನ ದಿನ ಚಿಕ್ಕಬೀರಮ್ಮ ವಾಡಿಕೆಯಂತೆ ಪ್ರತಿ ಗಳವನ್ನೂ ಅಲ್ಲಾಡಿಸಿ, ಗೋಡೆಯ ಗೂಡಿನಲ್ಲಿ ಭದ್ರವಾಗಿ ಕೂತಿದೆಯೇ ಎಂದು ನೋಡಿ ಇಳಿದಳು. ಹಾಗೆ ನೋಡಿದ ಮೇಲೆ ತುಂಬುವವರೆಗೆ ಯಾರೂ ಹತ್ತುವುದಿಲ್ಲ. ಅವತ್ತು ಸಂಜೆ ಕುಳ್ಳಯ್ಯ ಹತ್ತಿದ. ತುದಿಯ ಗಳ ಮುಟ್ಟಿಯೇಬಿಟ್ಟ! ಸಂತೋಷಕ್ಕೆ ಒಬ್ಬನೇ ನಕ್ಕ. ಇಳಿಯುವಾಗ ಕಾಲು ಜಾರಿ ಆ ಗಳವನ್ನೇ ತಬ್ಬಿಕೊಂಡ. ಅದು ಕಿರ್ರೆಂದು ಒಂದು ಪಕ್ಕಕ್ಕೆ ಸರಿಯಿತು. ಮತ್ತೆ ಹತ್ತಿ ನೋಡುವಷ್ಟು ಎದೆ ಉಳಿದಿರಲಿಲ್ಲ. ಬೆಳಿಗ್ಗೆ ಹತ್ತುವವನು ತಾನೇ ತಾನೆ, ಆಗ ಸರಿಮಾಡಿದರಾಯಿತು ಎಂದುಕೊಂಡ.

ಬೆಳಿಗ್ಗೆ ಸೌದೆ ತರಲು ಹೋಗಿ ಬರುವಷ್ಟರಲ್ಲಿ ಅವಳು ಮೇಲಿದ್ದಳು. "ಇಳ್ಕೊಳೇ!" ಎಂದು ಕೂಗಿದ್ದಷ್ಟೇ ಗೊತ್ತು. ಗಳವೂ ಅವಳೂ ಒಟ್ಟಿಗೇ ನೆಲಕ್ಕೆ ಬಂದರು.

ಮೈಸೂರಿನ ದೊಡ್ಡಾಸ್ಪತ್ರೆಯಿಂದ ಜೀವ ಮನೆಗೆ ಬಂತು, ಕಾಲುಗಳು ಬರಲಿಲ್ಲ. ಸೊಂಟದ ಕೆಳಗೆ ಚಿವುಟಿದರೂ ತಿಳಿಯದು. ಹೊಲದ ಸೊಪ್ಪು ಯಾರ ಸಂಕಟಕ್ಕೂ ಕಾಯುವುದಿಲ್ಲ. ಮುಂದಿನ ಸಲದ ಕಡ್ಡಿಗಳನ್ನು ಕುಳ್ಳಯ್ಯ ತಾನೇ ಏರಿಸಿದ. ತುದಿಯವರೆಗೂ ಹತ್ತಿದ. ತೊಡೆ ನಡುಗಲಿಲ್ಲ. ಬಿದ್ದರೆ ಬೀಳಲಿ ಎಂದಿರುವವನಿಗೆ ಇನ್ಯಾವ ಭಯ?

ದೊಡ್ಡಬೀರಯ್ಯ ಈ ಸಲ ಹಲ್ಲು ಕಿಸಿಯಲಿಲ್ಲ. ನೇರ ಮನೆಗೆ ಹೋಗಿ, "ನಿನ್ ಗಂಡ ಎದೆಗಾರ ಕಣವ್ವ. ಕೋತಿ ಅತ್ದಂಗ್ ತುದೀಗಂಟ ಅತ್ತುಬುಟ್ಟ" ಎಂದು ಚಿಕ್ಕಬೀರಮ್ಮನಿಗೆ ಹೇಳಿದ.

ಸಂಜೆ ಗಂಡ ಗಂಜಿ ಹಿಡಿದು ಬಂದಾಗ ಅವಳ ಮುಖ ಅರಳಿತ್ತು. ಬಿದ್ದಂದಿನಿಂದ ಆ ಮುಖದಲ್ಲಿ ಕಂಡ ಮೊದಲ ನಗು. "ತುದೀ ಗಳಕ್ಕೇ ಅತ್ತಿದ್ರಂತೆ? ಸದ್ಯ, ನಿಮ್ ಭಯ ಓಯ್ತಲ್ಲ, ಅಷ್ಟು ಸಾಕು. ನಾನೇ ಅವತ್ತು ಆ ಗಳಾನ ಸರ್ಯಾಗ್ ನೋಡ್ನಿಲ್ಲ ಕಣ್ರೀ. ನಂದೇ ತಪ್ಪು."

ಕುಳ್ಳಯ್ಯ ಬಾಯಿ ತೆರೆದ. ನೆಲದ ಮೇಲೆ ಕೂತಿದ್ದವನ ತೊಡೆ ಗಡಗಡ ನಡುಗಿತು, ಅದೇ ಹಳೆಯ ನಡುಕ.

"ಆಗೋದ್ ಆಯ್ತು, ಬುಡು" ಎಂದು ಗಂಜಿಯ ಲೋಟವನ್ನು ಅವಳ ಬಾಯಿಗೆ ಹಿಡಿದ.